ದೂರು ಬಾರದ ಕಾಲೇಜು
ಹಾಸ್ಟೆಲ್ಲಿನಲ್ಲಿ ಊಟಕ್ಕೆ ಕೂತಾಗ ‘ನಿನ್ನ ರ‍್ಯಾಂಕ್ ಎಷ್ಟು?’ ಎಂದು ಕೇಳುವವನು ಎಷ್ಟೋ ಸಲ ಜಾತಿಯನ್ನೇ ಕೇಳುತ್ತಿರುತ್ತಾನೆ. ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳು ಎದುರಿಸಿದ ತಾರತಮ್ಯವನ್ನು ಸುಖದೇವ್ ಥೋರಟ್ ಸಮಿತಿ 2007ರಲ್ಲೇ ದಾಖಲಿಸಿದೆ. ಆದರೂ ನೊಂದವರನ್ನು ‘ಸಣ್ಣದಕ್ಕೆಲ್ಲ ಮುನಿಸಿಕೊಳ್ಳುತ್ತಾರೆ’ ಎಂದು ತಳ್ಳಿಹಾಕುವುದು ನಿಂತಿಲ್ಲ. ಇದು ಅನ್ಯಾಯದ ಮಾತು. ತೀರಾ ನೊಂದ ಹುಡುಗ ಬಾಯಿ ಬಿಡುವುದೇ ಇಲ್ಲ: ಇಂಟರ್ನಲ್ ಮಾರ್ಕ್ಸು, ಪ್ರಾಕ್ಟಿಕಲ್ಲು ಎಲ್ಲ ನೋಯಿಸಿದ ಮೇಷ್ಟರ ಕೈಯಲ್ಲೇ, ಊರಲ್ಲಿ ಅಪ್ಪ ಸಾಲ ಮಾಡಿ ಓದಿಸುತ್ತಿದ್ದಾನೆ. ದೂರು ಬರೆಯುವ ಧೈರ್ಯ ಸಾಮಾನ್ಯವಾಗಿ ಬರುವುದು ಬೆನ್ನಿಗೆ ಯಾರಾದರೂ ಇರುವವರಿಗೆ. ತಾರತಮ್ಯ ತಡೆಯಲು ಕಾಲೇಜಿಗೊಬ್ಬ ಅಧಿಕಾರಿ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿತು. ಪ್ರಾಂಶುಪಾಲರೇ, ದೂರೇ ಬಂದಿಲ್ಲವೆಂದು ಸಮಾಧಾನಪಡಬೇಡಿ. ಆ ಅಧಿಕಾರಿ ಯಾರೆಂದು ನಿಮ್ಮ ಮೊದಲ ವರ್ಷದ ಮಕ್ಕಳಿಗೆ ಗೊತ್ತಿದೆಯೇ, ದಯವಿಟ್ಟು ಕೇಳಿ ನೋಡಿ.