ಚಿನ್ನದ ನಾಡಿಗೆ ವಿಹಾರವೇ?



ನಮ್ಮ ಕುಡುಮಲಕುಂಟೆಯ ಕಡೆಯಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರಗಳನ್ನು ಹಾದು ಕೆ.ಜಿ.ಎಫ್.ಗೆ ಕಾರಿನಲ್ಲಿ ಹೋಗಿಬರುವುದು ಹೊಸ ಗೀಳಾಗಿದೆ. 2018ರ ಚಲನಚಿತ್ರದ ಕೃಪೆ! ಹೋದವರು ಸಯನೈಡ್ ದಿಬ್ಬಗಳ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಇದನ್ನು ನಾನು ಒಪ್ಪಲಾರೆ.

ಅವು ಪ್ರಕೃತಿ ನಿರ್ಮಿತ ಗುಡ್ಡಗಳಲ್ಲ. ಮೂರು ಕಿಲೋಮೀಟರಿಗೂ ಆಳದಿಂದ ತಂದ ಬಂಡೆಯನ್ನು ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹುಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಹೊರಬಂದಿತು. ಅದನ್ನು ತೆಗೆದವನು ಬೆಳ್ಳಿತೆರೆಯ ನಾಯಕನಲ್ಲ; ಕಲ್ಲುಧೂಳು ನುಂಗಿ ಸಿಲಿಕೋಸಿಸ್‌ಗೆ ತುತ್ತಾದ ತಮಿಳು, ತೆಲುಗು, ಕನ್ನಡದ ಕೂಲಿಕಾರ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿ ಬೆಳಗಿದ್ದು 1905ರಲ್ಲಿ. ಚಿನ್ನಕ್ಕೆ ಇದ್ದ ಆತುರ ಅದನ್ನು ತೆಗೆದವರ ಬದುಕಿನ ಬಗ್ಗೆ ಇರಲಿಲ್ಲ.

'ಪ್ರವಾಸಿಗರು ಬಂದರೆ ಊರಿಗೆ ನಾಲ್ಕು ಕಾಸು ಬಾರದೇ?' ಎಂದು ನೀವು ಕೇಳಬಹುದು. ಚಹದ ಅಂಗಡಿಗೆ ಬಂದೀತು. ಆದರೆ 2024ರಲ್ಲಿ ರಾಜ್ಯ ಸಚಿವ ಸಂಪುಟವು ಇದೇ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿದೆ. ದೊಡ್ಡ ಕಾಸು ಅಲ್ಲಿದೆ. ಅದರ ಮೊದಲ ಪಾಲು ಹಳೆಯ ಕಾರ್ಮಿಕರ ಚಿಕಿತ್ಸೆಗೆ, ಮನೆಗೆ, ಕುಡಿಯುವ ನೀರಿಗೆ ಸಲ್ಲಬೇಕು. ಇದು ದಾನವಲ್ಲ, ಬಾಕಿ.

ಆದ್ದರಿಂದ, ಹೋಗುವುದಾದರೆ ಹೋಗಿ. ದಿಬ್ಬ ಹತ್ತಬೇಡಿ. ಕಾರ್ಮಿಕರ ಕೇರಿಗೆ ಹೋಗಿ, ಹಿರಿಯರೊಬ್ಬರ ಬಳಿ ಕುಳಿತು, ಅವರ ಮಾತನ್ನು ಕೇಳಿ ಬನ್ನಿ. ನಿಮ್ಮ ಮಕ್ಕಳಿಗೆ ಅದಕ್ಕಿಂತ ದೊಡ್ಡ ಚರಿತ್ರೆಯ ಪಾಠ ಬೇರಿಲ್ಲ.