ಬಾಟಲಿ ತುಂಬ ನೀರು, ಕುಡಿಯಲು ಭಯ

ಪಿಯುಸಿಯಲ್ಲಿ ಮೂತ್ರಪಿಂಡದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಅಂಕ ತೆಗೆದುಕೊಂಡವರು ನಾವು. ಚಿತ್ರ ಈಗಲೂ ನೆನಪಿದೆ. ಆದರೆ ಅದು ಮಾಡುವ ಕೆಲಸದ ಲೆಕ್ಕ ಮರೆತಿದ್ದೇವೆ. ಎಂಜಿನಿಯರಿಂಗ್ ಓದುತ್ತಿರುವ ನನಗೆ ಈಗ ಆ ಲೆಕ್ಕವೇ ಹೆಚ್ಚು ಬೆರಗು ಹುಟ್ಟಿಸುತ್ತದೆ.

ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಮುಷ್ಟಿ ಗಾತ್ರದ ಈ ಎರಡು ಅಂಗಗಳಿಗೇ ಹೋಗುತ್ತದೆ. ಒಂದೊಂದರಲ್ಲೂ ಹೆಚ್ಚುಕಡಿಮೆ 10 ಲಕ್ಷ ನೆಫ್ರಾನ್‌ಗಳು. ಪ್ರತಿ ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೊಂಚಲು. ಒಳಬರುವ ನಾಳಕ್ಕಿಂತ ಹೊರಹೋಗುವ ನಾಳ ಕಿರಿದಾದ್ದರಿಂದ ಅಲ್ಲಿ ಒತ್ತಡ ಹೆಚ್ಚಿ ನೀರು, ಉಪ್ಪು, ಸಕ್ಕರೆ, ಯೂರಿಯಾ ಸೋಸಿ ಹೊರಬೀಳುತ್ತವೆ. ರಕ್ತಕಣ, ಪ್ರೋಟೀನು ಒಳಗೇ ಉಳಿಯುತ್ತವೆ. ಹೀಗೆ ದಿನಕ್ಕೆ ಸೋಸುವುದು ಸುಮಾರು 180 ಲೀಟರ್. ಮೂತ್ರವಾಗಿ ಹೊರಹೋಗುವುದು ಒಂದೂವರೆ ಲೀಟರ್ ಅಷ್ಟೇ. ಮಿಕ್ಕಿದ್ದೆಲ್ಲ ವಾಪಸ್ ರಕ್ತಕ್ಕೆ.

ಭದ್ರಾ ನಾಲೆ ನೋಡುತ್ತಾ ಬೆಳೆದ ತ್ಯಾವಣಿಗೆಯವರಿಗೆ ಇದು ವಿಚಿತ್ರವೇ. ನಾಲೆಗೆ ಬಿಟ್ಟ ನೀರನ್ನು ಡ್ಯಾಂ ವಾಪಸ್ ಎಳೆದುಕೊಳ್ಳುವುದಿಲ್ಲ. ಮೂತ್ರಪಿಂಡ ಮಾತ್ರ ಮೊದಲು ಎಲ್ಲವನ್ನೂ ಬಿಟ್ಟು, ಆಮೇಲೆ ಬೇಕಾದದ್ದನ್ನು ಹೆಕ್ಕಿಕೊಳ್ಳುತ್ತದೆ. ನಾವು ನೀರು ಕಡಿಮೆ ಕುಡಿದು ರಕ್ತದಲ್ಲಿ ಉಪ್ಪಿನ ಸಾಂದ್ರತೆ ತುಸು ಏರಿದರೂ ಸಾಕು, ಮಿದುಳಿನಿಂದ ಎಡಿಎಚ್ ಎಂಬ ಹಾರ್ಮೋನ್ ಹೊರಡುತ್ತದೆ. ಮೂತ್ರಪಿಂಡ ಇನ್ನಷ್ಟು ನೀರು ಉಳಿಸುತ್ತದೆ, ಮೂತ್ರ ಕಡು ಹಳದಿಯಾಗುತ್ತದೆ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪಾಠದ ಫೀಡ್‌ಬ್ಯಾಕ್ ಲೂಪ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ. ಆದರೆ ಈ ಉಳಿತಾಯಕ್ಕೂ ಮಿತಿಯಿದೆ. ಆಯಾ ದಿನದ ಕಲ್ಮಶ ಹೊರಹಾಕಲು ಕನಿಷ್ಠ ಅರ್ಧ ಲೀಟರ್ ಮೂತ್ರವಾದರೂ ಬೇಕೇ ಬೇಕು.

ಆ ಮಿತಿಯನ್ನು ದಿನವೂ ಪರೀಕ್ಷಿಸುವವರು ನಮ್ಮ ನಡುವೆಯೇ ಇದ್ದಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುವ ಹುಡುಗಿಯರ ಬ್ಯಾಗ್ ಸಂಜೆ ತೆಗೆದು ನೋಡಿ, ಬೆಳಿಗ್ಗೆ ತುಂಬಿದ ಬಾಟಲಿಯಲ್ಲಿ ಮುಕ್ಕಾಲು ನೀರು ಹಾಗೇ ಇರುತ್ತದೆ. "ಮನೆಗೆ ಹೋಗಿ ಕುಡಿದರಾಯ್ತು ಬಿಡೇ" ಎನ್ನುವುದು ನಮ್ಮೊಳಗೆ ದಿನನಿತ್ಯದ ಮಾತು. ಕುಡಿದರೆ ಶೌಚಾಲಯ ಹುಡುಕಬೇಕು. ಸಿಕ್ಕರೂ ಚಿಲಕ ಇರುವುದಿಲ್ಲ, ಚಿಲಕವಿದ್ದರೆ ನಲ್ಲಿಯಲ್ಲಿ ನೀರಿಲ್ಲ. ಮೂತ್ರದ ಸೋಂಕು, ಉರಿ, ಕಲ್ಲು ಇವೆಲ್ಲ ಇಲ್ಲಿಂದ ಶುರುವಾಗುತ್ತವೆ. ಇದನ್ನು ಹುಡುಗಿಯರ ಸಂಕೋಚ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಇದು ಆಡಳಿತದ ಲೋಪ. ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭಿಸಿತು, ಬಡವರಿಗೆ ಅದು ದೊಡ್ಡ ಆಸರೆ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಯಂತ್ರದ ಪಕ್ಕ ಮಲಗುವುದಕ್ಕೆ ಹೋಲಿಸಿದರೆ ಬಸ್ ನಿಲ್ದಾಣದಲ್ಲೊಂದು ಬಳಸಬಹುದಾದ ಶೌಚಾಲಯದ ಖರ್ಚು ಎಷ್ಟಾದೀತು?

ಹುಡುಗರದ್ದು ಬೇರೆ ಕಥೆ. ಪೊಲೀಸ್ ಕಾನ್‌ಸ್ಟೆಬಲ್, ಸೇನೆಯ ದೈಹಿಕ ಪರೀಕ್ಷೆಗೆಂದು ಬಿಸಿಲಲ್ಲಿ ಓಡಿ, ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಾರೆ. ಗದ್ದೆ ನಾಟಿ ಮಾಡುವ, ಅಡಿಕೆ ಸುಲಿಯುವ ಹೆಂಗಸರೂ ಅಷ್ಟೇ. ದೇಹದಲ್ಲಿ ನೀರು ಕಡಿಮೆಯಾದಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವೇ ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ತೆರೆದಿಡುವುದು. ಈ ಮಾತ್ರೆ ತಡೆಯುವುದು ಅದನ್ನೇ. ಹಾಗಾಗಿ ಬೆವರು ಸುರಿಸಿ ಒಣಗಿದ ಮೈಗೆ ಈ ಮಾತ್ರೆ ಎರಡು ಪಟ್ಟು ಅಪಾಯ. ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳ ಕಬ್ಬಿನ ಗದ್ದೆಗಳಲ್ಲಿ ಶುಗರ್, ಬಿಪಿ ಯಾವುದೂ ಇಲ್ಲದ ಯುವಕರ ಮೂತ್ರಪಿಂಡಗಳು ಕೆಟ್ಟಿವೆ. ಸುಡುಬಿಸಿಲಿನ ದುಡಿಮೆ ಮತ್ತು ನೀರಿನ ಕೊರತೆ ಅಲ್ಲಿ ಮುಖ್ಯ ಶಂಕೆ.

ಮೂತ್ರಪಿಂಡ ಸುಲಭಕ್ಕೆ ನೋವು ತೋರಿಸುವ ಅಂಗವಲ್ಲ. ಅರ್ಧದಷ್ಟು ಸಾಮರ್ಥ್ಯ ಹೋದ ಮೇಲೂ ರಕ್ತದ ಕ್ರಿಯಾಟಿನಿನ್ ಸರಿಯಾಗಿದೆ ಎಂದೇ ವರದಿ ಬರಬಹುದು. ಆದ್ದರಿಂದ ಮನೆಯಲ್ಲಿ ಅಪ್ಪ ಅಮ್ಮನಿಗೆ ಶುಗರ್ ಅಥವಾ ಬಿಪಿ ಇದ್ದರೆ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಜೊತೆಗೆ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೂ ಮಾಡಿಸಿ. ಸೋಸುವ ಜರಡಿ ಹರಿಯತೊಡಗಿದ್ದು ಎಷ್ಟೋ ಸಲ ಮೊದಲು ಗೊತ್ತಾಗುವುದು ಅದರಲ್ಲಿ.