ಎತ್ತಿಕೊಳ್ಳದ ತಾಯಿ ಸೋಮಾರಿಯಲ್ಲ

ವಿದ್ಯಾನಗರದ ನಮ್ಮ ಮನೆಗೆ ಬಂದಿದ್ದ ಹಿರಿಯರೊಬ್ಬರು ಎಲ್ಲರೆದುರು ಕೇಳಿದರು: “ಕೂಸು ಕೈ ಚಾಚಿ ಅಳಾಕತ್ತೈತಿ, ನೀ ಎತ್ಗೊಳ್ಳೂದೇ ಇಲ್ಲಲ್ಲ ಬೇಟಿ?” ನಾನು ಉತ್ತರಿಸಲಿಲ್ಲ. ಹಿಂದಿನ ದಿನವಷ್ಟೇ ಎರಡು ವರ್ಷದ ಮಗಳನ್ನು ಎತ್ತುವಾಗ ನನ್ನ ಹೆಬ್ಬೆರಳಿನ ಕೀಲು ಜಾರಿತ್ತು. ಬಾವು ಇಲ್ಲ, ಪ್ಲಾಸ್ಟರ್ ಇಲ್ಲ. ಕಣ್ಣಿಗೆ ಕಾಣದ ನೋವನ್ನು ಯಾರು ನಂಬುತ್ತಾರೆ?

ಕೀಲುಗಳು ಮಿತಿಮೀರಿ ಬಾಗುವುದನ್ನು ವೈದ್ಯರು ಹೈಪರ್‌ಮೊಬಿಲಿಟಿ ಎನ್ನುತ್ತಾರೆ. ಹಾಗೆ ಮೈ ಬಾಗುವವರೆಲ್ಲ ರೋಗಿಗಳಲ್ಲ. ಅನೇಕರಿಗೆ ಯಾವ ತೊಂದರೆಯೂ ಇರುವುದಿಲ್ಲ. ಆದರೆ ಅದರ ಜೊತೆ ದಿನನಿತ್ಯದ ನೋವು, ಪದೇ ಪದೇ ಕೀಲು ಜಾರುವುದು, ನಿದ್ದೆಯಿಂದಲೂ ಹೋಗದ ದಣಿವು ಸೇರಿದರೆ ಅದು ಕಾಯಿಲೆ. ಕೀಲುಗಳನ್ನು ಹಿಡಿದಿಡುವ ಅಂಗಾಂಶವೇ ಸಡಿಲವಾಗಿರುತ್ತದೆ. ಎಹ್ಲರ್ಸ್-ಡ್ಯಾನ್ಲೋಸ್ ಸಿಂಡ್ರೋಮ್ ಈ ಗುಂಪಿನದೇ. 2017ರ ಅಂತಾರಾಷ್ಟ್ರೀಯ ವರ್ಗೀಕರಣ ಅದರಲ್ಲಿ 13 ಬಗೆಗಳನ್ನು ಗುರುತಿಸಿತು. ಅವುಗಳಲ್ಲಿ ಹೆಚ್ಚಾಗಿ ಕಾಣುವ ಹೈಪರ್‌ಮೊಬೈಲ್ ಬಗೆಯನ್ನು ಪತ್ತೆ ಮಾಡುವ ರಕ್ತಪರೀಕ್ಷೆ ಇಲ್ಲ. ಎಕ್ಸ್‌ರೇಯಲ್ಲೂ ಏನೂ ಕಾಣದಿರಬಹುದು. ಕಿರುಬೆರಳು, ಹೆಬ್ಬೆರಳು, ಮೊಣಕೈ, ಮೊಣಕಾಲು, ಬೆನ್ನು ಎಷ್ಟು ಬಾಗುತ್ತವೆಂದು ನೋಡಿ 9ಕ್ಕೆ ಅಂಕ ಕೊಡುವ ಬೈಟನ್ ಪರೀಕ್ಷೆ ಮತ್ತು ರೋಗಿಯ ಹಾಗೂ ಕುಟುಂಬದ ಹಿನ್ನೆಲೆಯಿಂದಲೇ ವೈದ್ಯರು ಇದನ್ನು ಗುರುತಿಸಬೇಕು. “ರಿಪೋರ್ಟ್ ನಾರ್ಮಲ್” ಎಂದ ಮಾತ್ರಕ್ಕೆ ಸೊಸೆ ನಟಿಸುತ್ತಿದ್ದಾಳೆ ಎಂದಲ್ಲ.

ನನಗೆ ಬೇಸರ ತರುವುದು ಕಾಯಿಲೆಗಿಂತ ನಮ್ಮ ಮನೆಗಳ ಒಂದು ರೂಢಿ. ನೋವು ನುಂಗಿ ದುಡಿಯುವ ತಾಯಿಯನ್ನು ಹೊಗಳುತ್ತೇವೆ. ನೋವು ಹೇಳಿಕೊಂಡವಳನ್ನು ನಾಜೂಕಿನವಳು ಎನ್ನುತ್ತೇವೆ. ನಲ್ಲಿಗೆ ನೀರು ಬಂದ ದಿನ ಕೊಡ ಹೊರುವವಳು ಅವಳೇ, ಕುಕ್ಕರುಗಾಲಲ್ಲಿ ಕುಳಿತು ಬಟ್ಟೆ ಒಗೆಯುವವಳು ಅವಳೇ, ಕೂಸನ್ನು ಸೊಂಟದ ಮೇಲೆ ಹೊತ್ತು ರೊಟ್ಟಿ ಬಡಿಯುವವಳೂ ಅವಳೇ. ಬಸುರಿಯಲ್ಲಿ ಹಾರ್ಮೋನುಗಳಿಂದ ಕೀಲುಗಳು ಇನ್ನಷ್ಟು ಸಡಿಲಾಗುತ್ತವೆ. ಆ ಹೊತ್ತಿಗೇ ಹೊರೆಯೂ ಹೆಚ್ಚುತ್ತದೆ.

ಪ್ರವಾದಿ(ಸ)ರು ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದನ್ನು ಹದೀಸ್‌ಗಳಲ್ಲಿ ಓದಿದ್ದೇವೆ. ಸುಜೂದ್‌ಗೆ ಹೋಗುವಾಗ ಅವರು ಅವಳನ್ನು ಕೆಳಗಿಳಿಸುತ್ತಿದ್ದರು ಎಂಬುದೂ ಅದೇ ಹದೀಸ್‌ನಲ್ಲಿದೆ. ಮಗುವನ್ನು ಇಳಿಸುವುದು ಪ್ರೀತಿಯ ಕೊರತೆಯಲ್ಲ. ಅವರು ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರೆಂದು ಹ. ಆಯಿಶಾ(ರ) ಹೇಳಿದ್ದಾರೆ. ಮಗುವನ್ನು ಎತ್ತುವ, ತೊಳೆಸುವ ಕೆಲಸ ಗಂಡಸಿನದಲ್ಲ ಎನ್ನುವವರು ಇದನ್ನು ನೆನೆಯಬೇಕು. ನಿಂತು ನಮಾಝ್ ಮಾಡಲಾಗದವರಿಗೆ ಕುಳಿತು, ಅದೂ ಆಗದವರಿಗೆ ಮಲಗಿ ಮಾಡುವ ಅನುಮತಿ ಇದೆ. ಅಲ್ಲಾಹನು ಇಬಾದತ್‌ನಲ್ಲೇ ಕೊಟ್ಟ ರಿಯಾಯಿತಿಯನ್ನು ನಾವು ಅಡುಗೆಮನೆಯಲ್ಲಿ ಕೊಡಬಾರದೇ?

ನಮ್ಮ ಮನೆಯಲ್ಲಿ ಮಾಡಿಕೊಂಡ ಬದಲಾವಣೆಗಳಿಗೆ ಹೆಚ್ಚು ಖರ್ಚಾಗಲಿಲ್ಲ. ಮಗುವಿನ ಬಟ್ಟೆ ಬದಲಿಸುವುದು ನೆಲದ ಮೇಲಲ್ಲ, ಮಂಚದ ಮೇಲೆ. ಅವಳೇ ಹತ್ತಿ ಬರಲು ಮಂಚದ ಪಕ್ಕ ಗಟ್ಟಿಯಾದ ಸಣ್ಣ ಮೆಟ್ಟಿಲು. ಅತ್ತರೆ ನಾನು ಕುಳಿತುಕೊಳ್ಳುತ್ತೇನೆ, ಅವಳು ತೊಡೆಗೆ ಬರುತ್ತಾಳೆ. ಎತ್ತಲೇಬೇಕಾದರೆ ಚಾಚಿದ ಕೈಯಿಂದಲ್ಲ, ಎದೆಗವಚಿಕೊಂಡು. ಶೌಚ ತೊಳೆಯಲು ತುಂಬಿದ ತಂಬಿಗೆಯ ಬದಲು ಕೈಪೈಪು. ಮಣಿಕಟ್ಟಿಗೆ ಭಾರವಿಲ್ಲ, ಸ್ವಚ್ಛತೆಯೂ ಕೆಡುವುದಿಲ್ಲ. ವುಝೂ ಮಾಡಲು ನಲ್ಲಿಯ ಮುಂದೆ ಒಂದು ಸ್ಟೂಲ್. ಸ್ನಾನ ಮಾಡಿಸುವುದು ಅವಳ ಅಬ್ಬಾನ ಪಾಳಿ.

ಮಕ್ಕಳ ವಿಷಯದಲ್ಲೂ ಎಚ್ಚರ ಬೇಕು. ಈ ಗುಣ ಹೆಚ್ಚಾಗಿ ಕುಟುಂಬದಲ್ಲಿ ಹರಿದುಬರುತ್ತದೆ. ತಾಯಿಗೆ ಇದ್ದರೆ, ಕೂಸಿಗೆ ಎರೆಯುವಾಗ ಕೈಕಾಲು ಜಗ್ಗಿ ಮಡಚುವುದನ್ನು ಬಿಡಿ. ಎಣ್ಣೆಯನ್ನು ಮೆಲ್ಲಗೆ ಸವರಿದರೆ ಸಾಕು. ಯಾವುದೇ ಎಳೆ ಮಗುವನ್ನು ಮುಂಗೈ ಹಿಡಿದು ಜಗ್ಗಿ ಎತ್ತಬೇಡಿ, ಮೊಣಕೈ ಕೀಲು ಜಾರುತ್ತದೆ. ಬೆರಳು ಹಿಂದಕ್ಕೆ ಬಾಗಿಸಿ ತೋರಿಸು ಎಂದು ನೆಂಟರೆದುರು ಆಟ ಆಡಿಸಬೇಡಿ.

ಇದಕ್ಕೆ ಪೂರ್ತಿ ಗುಣಪಡಿಸುವ ಔಷಧ ಇಲ್ಲ. ಆದರೆ ಸ್ನಾಯುಗಳನ್ನು ನಿಧಾನವಾಗಿ ಬಲಪಡಿಸುವ ಫಿಸಿಯೋಥೆರಪಿ ಬಹಳ ನೆರವಾಗುತ್ತದೆ. ಕೀಲುಗಳನ್ನು ಮತ್ತಷ್ಟು ಎಳೆಯುವ ವ್ಯಾಯಾಮ ಬೇಡ. ನಮ್ಮ ವಿದ್ಯಾನಗರದಲ್ಲೇ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇದೆ. ಸುತ್ತಲ ಜಿಲ್ಲೆಗಳವರೂ ಅಲ್ಲಿಗೆ ಬರುತ್ತಾರೆ. ಇಂಥ ಲಕ್ಷಣಗಳಿದ್ದವರು ಮೂಳೆ ವಿಭಾಗದಲ್ಲಿ ತೋರಿಸಿ. “ಮೈಕೈ ನೋವು” ಎಂದಷ್ಟೇ ಹೇಳದೆ, ಯಾವ ಕೀಲು, ಎಷ್ಟು ಸಲ ಜಾರಿತು ಎಂದು ಬರೆದುಕೊಂಡು ಹೋಗಿ.

ಆ ಹಿರಿಯರಿಗೆ ಅಂದು ಹೇಳದ ಉತ್ತರವನ್ನು ಇಲ್ಲಿ ಹೇಳುತ್ತೇನೆ. ಚಾಚಾ, ನನ್ನ ಮಗಳಿಗೆ ಇವತ್ತು ಒಂದು ಸಲ ಎತ್ತಿಕೊಳ್ಳುವ ತಾಯಿಗಿಂತ, ನಾಳೆಯೂ ಜೊತೆಗೆ ನಡೆಯಬಲ್ಲ ತಾಯಿ ಬೇಕು. ಅವಳು ಅಳುವಾಗ ನೀವು ಹತ್ತಿರವಿದ್ದರೆ, ದಯವಿಟ್ಟು ನೀವೇ ಎತ್ತಿಕೊಳ್ಳಿ.